ನುಂಗಿದ್ದು ನಾಣ್ಯವೋ, ಬಟನ್ ಬ್ಯಾಟರಿಯೋ?

2022ರ ನವೆಂಬರಿನಲ್ಲಿ ಬಾಗಲಕೋಟೆಯ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆಯ ವೈದ್ಯರು ರಾಯಚೂರು ಜಿಲ್ಲೆಯ ರೋಗಿಯೊಬ್ಬರ ಜಠರದಿಂದ 187 ನಾಣ್ಯಗಳನ್ನು ಶಸ್ತ್ರಚಿಕಿತ್ಸೆ ಮಾಡಿ ಹೊರತೆಗೆದರು. ಐದು ರೂಪಾಯಿಯವು 56, ಎರಡು ರೂಪಾಯಿಯವು 51, ಒಂದು ರೂಪಾಯಿಯವು 80. ಒಟ್ಟು 462 ರೂಪಾಯಿ. ವಾಂತಿ, ಹೊಟ್ಟೆಯ ಬಾಧೆಯೆಂದು ಬಂದ ಆ ರೋಗಿ ಮಾನಸಿಕ ಅಸ್ವಸ್ಥತೆಯಿಂದ ಬಳಲುತ್ತಿದ್ದರು. ಇದು ನಗುವ ಸಂಗತಿಯಲ್ಲ. ಹಿರಿಯರೊಬ್ಬರು ತಿನ್ನಬಾರದ್ದನ್ನು ನುಂಗುತ್ತಿದ್ದರೆ ಹೊಟ್ಟೆಯ ಜೊತೆಗೆ ಮನಸ್ಸಿಗೂ ಚಿಕಿತ್ಸೆ ಬೇಕು.

ಮನೆಗಳಲ್ಲಿ ಇಂತಹ ಅಪಾಯ ಹೆಚ್ಚಾಗಿ ಒದಗುವುದು ಪುಟ್ಟ ಮಕ್ಕಳಿಗೆ. ಮಗು ನಾಣ್ಯ ನುಂಗಿದರೆ ಬಾಳೆಹಣ್ಣು ತಿನ್ನಿಸಿ ಕಾಯುವುದು ನಮ್ಮಲ್ಲಿ ರೂಢಿ. ಜಠರ ತಲುಪಿದ ಒಂಟಿ ನಾಣ್ಯ ಬಹುಮಟ್ಟಿಗೆ ಮಲದೊಡನೆ ತಾನೇ ಹೊರಬೀಳುವುದರಿಂದ, ಆ ಯಶಸ್ಸು ಬಾಳೆಹಣ್ಣಿನ ಪಾಲಾಗಿದೆ. ಆದರೆ ವಸ್ತು ಅನ್ನನಾಳದಲ್ಲೇ ಸಿಲುಕಿದ್ದರೆ ಅದನ್ನು ಎಂಡೋಸ್ಕೋಪಿಯಿಂದ ತೆಗೆಯಬೇಕಾಗುತ್ತದೆ. ತುಂಬಿದ ಹೊಟ್ಟೆ ಆಗ ವೈದ್ಯರಿಗೆ ತೊಡಕು.

ಅದಕ್ಕಿಂತ ಘೋರವಾದುದು ಬಟನ್ ಬ್ಯಾಟರಿ. ಶಿವಮೊಗ್ಗೆಯ ಸವಳಂಗ ರಸ್ತೆಯ ಮನೆಯಾಗಲಿ, ಭದ್ರಾವತಿಯ ಮನೆಯಾಗಲಿ, ಆಟಿಕೆ, ರಿಮೋಟ್, ಗಡಿಯಾರಗಳಲ್ಲಿ ಇದು ಇದ್ದೇ ಇರುತ್ತದೆ. ನೋಡಲು ನಾಣ್ಯದಂತೆಯೇ ಇರುವ ಈ ಬಿಲ್ಲೆ ಅನ್ನನಾಳದ ತೇವವನ್ನು ತಾಗಿದೊಡನೆ ವಿದ್ಯುತ್ ಹರಿದು ಕ್ಷಾರ ಉಂಟಾಗುತ್ತದೆ. ಎರಡೇ ಗಂಟೆಗಳಲ್ಲಿ ಒಳಗೋಡೆ ಸುಟ್ಟುಹೋಗಬಹುದು. ಮುಂದೆ ರಂಧ್ರ, ರಕ್ತಸ್ರಾವ, ಮರಣವೂ ಸಂಭವಿಸಬಹುದು. ಎರಡು ಅಯಸ್ಕಾಂತದ ಗುಂಡುಗಳನ್ನು ನುಂಗಿದರೂ ಅಪಾಯವೇ: ಅವು ಕರುಳಿನ ಎರಡು ಮಡಿಕೆಗಳ ನಡುವೆ ಪರಸ್ಪರ ಸೆಳೆದು ಕರುಳನ್ನೇ ತೂತು ಮಾಡುತ್ತವೆ.

ಜೊಲ್ಲು ಸುರಿಯುವುದು, ಅನ್ನ ನಿರಾಕರಿಸುವುದು, ಕೆಮ್ಮು, ಎದೆನೋವು ಇವು ಲಕ್ಷಣಗಳು. ಆದರೆ ಲಕ್ಷಣಕ್ಕಾಗಿ ಕಾಯಬಾರದು. ಬೆರಳು ಹಾಕಿ ವಾಂತಿ ಮಾಡಿಸಬಾರದು, ಆಹಾರ ಕೊಡಬಾರದು. ಬ್ಯಾಟರಿ ನುಂಗಿ 12 ಗಂಟೆ ಮೀರಿಲ್ಲದಿದ್ದರೆ, ಒಂದು ವರ್ಷ ದಾಟಿದ ಮತ್ತು ನುಂಗಬಲ್ಲ ಮಗುವಿಗೆ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು; ಆರು ಬಾರಿ ಮೀರಬಾರದು, ಜೇನಿಗಾಗಿ ಪ್ರಯಾಣ ತಡವಾಗಲೂಬಾರದು. ಅದೇ ಬಗೆಯ ವಸ್ತು ಮನೆಯಲ್ಲಿದ್ದರೆ ಜೊತೆಗೊಯ್ಯಿರಿ. ಎಕ್ಸ್‌ರೇಯಲ್ಲಿ ಬ್ಯಾಟರಿಯ ಅಂಚು ಜೋಡಿ ಉಂಗುರದಂತೆ ಕಾಣುವುದರಿಂದ ವೈದ್ಯರು ನಾಣ್ಯದಿಂದ ಅದನ್ನು ಬೇರೆಯಾಗಿ ಗುರುತಿಸಬಲ್ಲರು.

ತಾಯಂದಿರೇ, ಹಿರಿಯರೇ, ಇಂದೇ ಆಟಿಕೆಗಳ ಬ್ಯಾಟರಿ ಮುಚ್ಚಳಗಳನ್ನು ತಿರುಪು ಹಾಕಿ ಭದ್ರಪಡಿಸಿರಿ. ಮುಗಿದ ಬ್ಯಾಟರಿಗೂ ಸುಡುವ ಶಕ್ತಿ ಉಳಿದಿರುತ್ತದೆ. ಅದನ್ನು ಮಕ್ಕಳ ಕೈಗೆಟುಕದಂತೆ ಇರಿಸಿರಿ.