ರೆಕ್ಕೆಯಿಲ್ಲದ ಹಲಗೆ ಅಲೆಯನ್ನು ಹಿಡಿಯುವ ಬಗೆ

ನಿಂತು ಓಡಿಸುವ ಸರ್ಫ್‌ಬೋರ್ಡ್‌ನ ತಳದಲ್ಲಿ ಹಿಂಬದಿಗೆ ಒಂದೋ ಮೂರೋ ರೆಕ್ಕೆಗಳಿರುತ್ತವೆ. ಹಲಗೆ ಪಕ್ಕಕ್ಕೆ ಜಾರದಂತೆ ಅವು ನೋಡಿಕೊಳ್ಳುತ್ತವೆ. ಬೋರಲು ಮಲಗಿ ಅಲೆಯೇರುವ ಬಾಡಿಬೋರ್ಡ್‌ಗೆ ಆ ಅನುಕೂಲವಿಲ್ಲ. ಅದು ಬರೀ ಮೂರೂವರೆ ಅಡಿ ಆಸುಪಾಸಿನ ಫೋಮ್ ಹಲಗೆ. ಆದರೂ ಕಡಿದಾದ ಅಲೆಗೋಡೆಯ ಮೇಲೆ ಜಾರದೆ ಓಡುತ್ತದೆ, ಬೇಕೆಂದಲ್ಲಿ ಗಕ್ಕನೆ ತಿರುಗುತ್ತದೆ. ರೆಕ್ಕೆ ಮಾಡುವ ಕೆಲಸವನ್ನೆಲ್ಲ ಇಲ್ಲಿ ಅಂಚು, ಬಾಲ ಮತ್ತು ಸವಾರನ ಸೊಂಟ ಹಂಚಿಕೊಳ್ಳುತ್ತವೆ. ಹಾಗಾಗಿ ಈ ಹಲಗೆಯ ಆಕಾರದಲ್ಲಿ ಅರ್ಧ ಇಂಚಿನ ವ್ಯತ್ಯಾಸವೂ ನೀರಿಗಿಳಿದ ಕೂಡಲೇ ಗೊತ್ತಾಗುತ್ತದೆ.

ಹವಾಯಿಯವರು ಪೈಪೋ ಎಂಬ ಗಿಡ್ಡ ಮರದ ಹಲಗೆಯ ಮೇಲೆ ಮಲಗಿ ಅಲೆಯೇರುತ್ತಿದ್ದರು. ಈಗಿನ ಬಾಡಿಬೋರ್ಡ್ ರೂಪ ತಳೆದದ್ದೂ ಹವಾಯಿಯಲ್ಲೇ, 1971ರಲ್ಲಿ. ಟಾಮ್ ಮೋರಿ ಎಂಬ ಎಂಜಿನಿಯರ್ ಪಾಲಿಎಥಿಲೀನ್ ಫೋಮ್ ತುಂಡೊಂದನ್ನು ಕತ್ತರಿಸಿ, ಮೇಲೆ ಸುದ್ದಿಪತ್ರಿಕೆಯ ಹಾಳೆ ಹಾಸಿ, ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ಆಕಾರ ಕೊಟ್ಟರು. ಆಮೇಲೆ ವಸ್ತುಗಳು ಬದಲಾದವು, ಅಚ್ಚು ನಯವಾಯಿತು. ಆದರೆ ಹಿಡಿತ ಮತ್ತು ತಿರುವು ಎಂಬ ಎರಡರ ನಡುವಿನ ಎಳೆದಾಟ ಹಾಗೇ ಉಳಿದಿದೆ. ಒಂದನ್ನು ಹೆಚ್ಚಿಸಿದರೆ ಇನ್ನೊಂದು ಕೊಂಚ ತಗ್ಗುತ್ತದೆ. ಯಾವ ಹಲಗೆಯೂ ಎರಡನ್ನೂ ಪೂರ್ತಿಯಾಗಿ ಕೊಡುವುದಿಲ್ಲ.

ಅಂಚಿನಿಂದಲೇ ಶುರುಮಾಡೋಣ. ನಲ್ಲಿಯ ಸಣ್ಣ ಧಾರೆಗೆ ಚಮಚದ ಉಬ್ಬು ಬೆನ್ನನ್ನು ತಾಗಿಸಿ ನೋಡಿ. ನೀರು ಆ ಉಬ್ಬನ್ನೇ ಅಪ್ಪಿಕೊಂಡು ಬಾಗುತ್ತದೆ, ಚಮಚ ಧಾರೆಯ ಕಡೆಗೆ ಎಳೆಯಲ್ಪಡುತ್ತದೆ. ದುಂಡನೆಯ ಅಂಚು ಅಲೆಯೊಳಗೆ ಮಾಡುವುದೂ ಇದನ್ನೇ. ಒಡೆಯಲಿರುವ ಅಲೆಯ ಗೋಡೆಯಲ್ಲಿ ನೀರು ಮೇಲಕ್ಕೆ ಏರುತ್ತಿರುತ್ತದೆ. ಗೋಡೆಯ ಕಡೆಯ ಅಂಚು ಅದರಲ್ಲಿ ಹೂತಾಗ, ಅಂಚು ದುಂಡಗಿದ್ದಷ್ಟೂ ನೀರು ಸುತ್ತಿಕೊಂಡು ಹಲಗೆಯನ್ನು ಒಳಕ್ಕೆ ಸೆಳೆಯುತ್ತದೆ. ಹಿಡಿತ ಸಿಗುತ್ತದೆ, ಜೊತೆಗೆ ವೇಗಕ್ಕೆ ತಡೆಯೂ ಬೀಳುತ್ತದೆ. ಮೊನಚು ಅಂಚಿನಲ್ಲಿ ನೀರು ಅಪ್ಪಿಕೊಳ್ಳದೆ ಕಡಿದುಹೋಗುವುದರಿಂದ ಹಲಗೆ ಹಗುರಾಗಿ ಓಡುತ್ತದೆ. ಬಾಡಿಬೋರ್ಡ್‌ನ ಅಂಚಿನಲ್ಲಿ ಮೇಲೊಂದು ಕೆಳಗೊಂದು ಇಳಿಜಾರು ಪಟ್ಟಿಗಳಿರುತ್ತವೆ. ಎರಡೂ ಸಮನಾಗಿದ್ದರೆ, ಅಂದರೆ 50:50 ಇದ್ದರೆ, ಹಿಡಿತ ಹೆಚ್ಚು. 60:40 ಅಳತೆಯದು ಹೆಚ್ಚು ಚುರುಕು, ಹೆಚ್ಚು ವೇಗ.

ಮೇಲಿನಿಂದ ನೋಡಿದಾಗ ಕಾಣುವ ಹೊರರೇಖೆ ತಿರುವಿನ ಅಗಲವನ್ನು ನಿರ್ಧರಿಸುತ್ತದೆ. ಹಲಗೆಯನ್ನು ಒಂದು ಬದಿಗೆ ವಾಲಿಸಿದಾಗ ನೀರನ್ನು ಕಚ್ಚುವುದು ಆ ಬದಿಯ ಬಾಗು. ಅಂಚು ನೇರವಾಗಿ, ಉದ್ದಕ್ಕೆ ಸಮಾನಾಂತರವಾಗಿದ್ದರೆ ಹಲಗೆ ಹಿಡಿದ ದಾರಿಯನ್ನು ಸುಲಭಕ್ಕೆ ಬಿಡುವುದಿಲ್ಲ. ಅಲೆಯ ಕೊಳವೆಯೊಳಗೆ ನುಗ್ಗುವವರಿಗೆ ಅದೇ ಬೇಕು. ಮೂಗು, ಬಾಲ ಎರಡೂ ಕಿರಿದಾಗಿ ನಡು ಉಬ್ಬಿದ್ದರೆ ಇದ್ದಲ್ಲೇ ತಿರುಗಿಸಬಹುದು. ಅತಿ ಅಗಲದ ಜಾಗ ಮೂಗಿನ ಕಡೆಗಿದ್ದರೆ ಮಲಗಿ ಓಡಿಸುವವರಿಗೆ ಅನುಕೂಲ, ಏಕೆಂದರೆ ಎದೆಯ ಭಾರ ಮುಂದೆ ಬೀಳುತ್ತದೆ. ಒಂದು ಮೊಣಕಾಲೂರಿ ಸವಾರಿ ಮಾಡುವವರು ಅದು ನಡುವಿಗೆ ಹತ್ತಿರವಿರುವುದನ್ನು ಆರಿಸುತ್ತಾರೆ.

ಬಾಲದ ವಿಷಯದಲ್ಲಿ ಎರಡು ಪಂಗಡ. ಅರ್ಧಚಂದ್ರದಂತೆ ಒಳಕ್ಕೆ ಕೊರೆದ ಬಾಲದಲ್ಲಿ ಎರಡು ತುದಿಗಳು ಹಿಂದಕ್ಕೆ ಚಾಚಿರುತ್ತವೆ. ವಾಲಿದಾಗ ಅಂಚಿನ ಜೊತೆ ಆ ತುದಿಯೂ ನೀರಿಗಿಳಿದು ಕಚ್ಚುತ್ತದೆ. ಕೊರೆತ ಆಳವಾದಷ್ಟೂ ಬಾಲ ಹೆಚ್ಚು ಮುಳುಗಿ ಹಿಡಿತ ಬಲವಾಗುತ್ತದೆ. ಬಾವಲಿ ರೆಕ್ಕೆಯಾಕಾರದ ಬಾಲ ನಡುವಿನಲ್ಲಿ ಹೊರಕ್ಕೆ ಉಬ್ಬಿರುವುದರಿಂದ ಸೊಂಟದ ಕೆಳಗೆ ಹೆಚ್ಚು ಜಾಗ ಸಿಗುತ್ತದೆ. ಅದು ನೀರ ಮೇಲೆ ತೇಲಿ ಸಲೀಸಾಗಿ ಸುತ್ತುತ್ತದೆ, ಕಡಿದಾದ ಅಲೆಯಲ್ಲಿ ಮಾತ್ರ ಜಾರುವ ಸಂಭವ ಹೆಚ್ಚು. ಮೊದಲ ಹಲಗೆಯಾದರೆ ಅರ್ಧಚಂದ್ರವನ್ನೇ ಕೊಳ್ಳಿ ಎನ್ನುತ್ತೇನೆ. ಅಂಚಿನ ಮೇಲೆ ಭಾರ ಹಾಕಿದರೆ ಏನಾಗುತ್ತದೆಂಬುದನ್ನು ಅದು ಸ್ಪಷ್ಟವಾಗಿ ಕಲಿಸುತ್ತದೆ. ತಳದಲ್ಲಿ ಬಾಲದ ಹತ್ತಿರ ಕೊರೆದಿರುವ ಉದ್ದನೆಯ ಎರಡು ಕಾಲುವೆಗಳು ಅಲಂಕಾರಕ್ಕಲ್ಲ. ಅವುಗಳ ಗೋಡೆಗಳೇ ಅಡ್ಡಜಾರಿಕೆಯನ್ನು ತಡೆಯುವ ಪುಟ್ಟ ರೆಕ್ಕೆಗಳು.

ಇಷ್ಟೆಲ್ಲ ಇದ್ದರೂ ಮೈಯ ಭಾರ ಸರಿಯಾದ ಕಡೆ ಬೀಳದಿದ್ದರೆ ಆಕಾರ ಕೆಲಸಕ್ಕೆ ಬಾರದು. ಬಲಕ್ಕೆ ಓಡುವಾಗ ಬಲಗೈ ಮೂಗಿನ ಮೂಲೆಯಲ್ಲಿ, ಎಡಗೈ ಎಡ ಅಂಚಿನ ನಡುಭಾಗದಲ್ಲಿ, ಸೊಂಟ ಬಾಲದ ಮೇಲೆ. ಬಲಮೊಣಕೈ ಮತ್ತು ಬಲಸೊಂಟವನ್ನು ಒತ್ತಿದರೆ ಬಲ ಅಂಚು ಅಲೆಗೋಡೆಯಲ್ಲಿ ಹೂತುಕೊಳ್ಳುತ್ತದೆ. ಮೈಯನ್ನು ಎರಡು ಇಂಚು ಮುಂದೆ ಸರಿಸಿದರೆ ಹಲಗೆ ಚಪ್ಪಟೆಯಾಗಿ ವೇಗ ಹಿಡಿಯುತ್ತದೆ, ಹಿಂದೆ ಸರಿಸಿದರೆ ಬಾಲ ಮುಳುಗಿ ವೇಗ ಕುಗ್ಗಿ ತಿರುಗಲು ಅಣಿಯಾಗುತ್ತದೆ. ತಿರುಗುವಾಗ ಮೂಗನ್ನು ಕೈಯಿಂದ ಮೇಲಕ್ಕೆ ಎಳೆದರೆ ಫೋಮ್ ಬಾಗಿ, ತಳದ ಬಾಗು ಆ ಕ್ಷಣಕ್ಕೆ ಹೆಚ್ಚುತ್ತದೆ, ತಿರುವು ಇನ್ನಷ್ಟು ಬಿಗಿಯಾಗುತ್ತದೆ. ಓಡುತ್ತಿರುವಾಗಲೇ ಹಲಗೆಯ ಆಕಾರವನ್ನು ಕೈಯಾರೆ ಬದಲಿಸುವ ಈ ಸವಲತ್ತು ಗಟ್ಟಿ ಸರ್ಫ್‌ಬೋರ್ಡ್‌ಗೆ ಇಲ್ಲ. ಬಾಡಿಬೋರ್ಡ್‌ನ ಸೊಗಸೆಲ್ಲ ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ.

ಹೀಗೆ ಬಾಗುವ ಗುಣ ನೀರಿನ ಬಿಸಿಯನ್ನೂ ಅವಲಂಬಿಸಿದೆ. ಪಾಲಿಎಥಿಲೀನ್ ತಣ್ಣೀರಿನಲ್ಲಿ ಹದವಾಗಿ ಬಾಗುತ್ತದೆ, ಬೆಚ್ಚನೆಯ ನೀರಿನಲ್ಲಿ ಮೆತ್ತಗಾಗುತ್ತದೆ. ಹಲಗೆಗೆ ಬಳಸುವ ಇನ್ನೊಂದು ಫೋಮ್ ಆದ ಪಾಲಿಪ್ರೊಪಿಲೀನ್ ಹೆಚ್ಚು ಗಟ್ಟಿ. ಸಸಿಹಿತ್ಲು, ಮೂಲ್ಕಿಯಂಥ ನಮ್ಮ ಕರಾವಳಿಯ ಬೆಚ್ಚನೆಯ ಸಮುದ್ರಕ್ಕೆ ಪಾಲಿಪ್ರೊಪಿಲೀನ್ ಒಳತಿರುಳೇ ಸರಿ.

ಕೊಳ್ಳುವಾಗ ಹಲಗೆಯನ್ನು ನೆಟ್ಟಗೆ ನಿಲ್ಲಿಸಿ, ಅದರ ತುದಿ ಹೊಕ್ಕುಳಿನ ಮಟ್ಟಕ್ಕೆ ಬಂದರೆ ಉದ್ದ ಸರಿಯಿದೆ. ಹಳೆಯದಾದರೆ ಹಿಂದಿನ ಮೂರನೇ ಒಂದು ಭಾಗದ ಅಂಚಿನುದ್ದಕ್ಕೂ ಹೆಬ್ಬೆರಳು ಓಡಿಸಿ ನೋಡಿ. ಬಿಸಿಲಲ್ಲಿ ಬಿಟ್ಟ ಹಲಗೆಯ ಹೊರಪದರ ಗುಳ್ಳೆಯೆದ್ದಿರುತ್ತದೆ. ಅಂಚು ಸವೆದಿದ್ದರೆ, ತಳದಲ್ಲಿ ಅಡ್ಡ ಮಡಿಕೆ ಬಿದ್ದಿದ್ದರೆ, ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ ಬೇಡವೆನ್ನಿ.