ಗುಜರಿ ಟ್ರಕ್ಕಿನ ಗುಂಡಿಗೆ, ಹಳೇ ಕಾರಿನ ಮೈ!

ಎಂಜಿನ್ ಅಗ್ಗ, ಉಳಿದದ್ದೆಲ್ಲ ದುಬಾರಿ: ಅಮೆರಿಕದ ಗ್ಯಾರೇಜುಗಳ ಒಂದು ಹುಚ್ಚಿನ ಲೆಕ್ಕ

ಸಂಜೆ ಬಸ್ಸು ಏರಿನಲ್ಲಿ ಉಸ್ಸೆಂದು ನಿಂತರೆ ಒಳಗಿದ್ದವರಲ್ಲಿ ಒಬ್ಬರಾದರೂ ಹೇಳುವ ಮಾತೊಂದಿದೆ: “ಈ ಎಂಜಿನ್ ಕಿತ್ತು ಗುಜರಿಗೆ ಹಾಕ್ರೀ, ಬೇರೇದು ತಂದು ಕೂಡಿಸ್ರೀ!” ಡ್ರೈವರ್ ಕೇಳಿಯೂ ಕೇಳದವನಂತೆ ಕೆಳಗಿಳಿಯುತ್ತಾನೆ. ಕಂಡಕ್ಟರ್ ಹಿಂದಿನ ಬಸ್ಸಿಗೆ ಕೈ ಅಡ್ಡ ಹಾಕುತ್ತಾನೆ. ಅಲ್ಲಿಗೆ ಮಾತು ಮುಗಿಯಿತು.

ಅಮೆರಿಕದಲ್ಲಿ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಅಲ್ಲಿ ಲೆಕ್ಕವೇ ಉಲ್ಟಾ. ಎಂಜಿನ್ ಗುಜರಿಗೆ ಹೋಗುವುದಿಲ್ಲ, ಗುಜರಿಯಿಂದ ಬರುತ್ತದೆ! ಅಪಘಾತವಾಗಿ ಮೂತಿ ಜಜ್ಜಿಹೋದ ಪಿಕ್‌ಅಪ್ ಟ್ರಕ್ಕಿನಿಂದ ಎಂಜಿನ್ ಕಳಚಿ, ಮೂವತ್ತು ನಲವತ್ತು ವರ್ಷದ ಹಿಂದಿನ ಸ್ಪೋರ್ಟ್ಸ್ ಕಾರಿನ ಹೊಟ್ಟೆಗೆ ಇಳಿಸುವ ಗೀಳು ಅಲ್ಲಿ ಮನೆಮನೆಯ ಗ್ಯಾರೇಜಿಗೂ ಹತ್ತಿದೆ. ಟ್ರಕ್ ಎಂದರೆ ನಮ್ಮ ಆರು ಚಕ್ರದ ಲಾರಿಯಲ್ಲ. ಮುಂದೆ ಕೂರಲು ಜಾಗ, ಹಿಂದೆ ಸಾಮಾನಿಗೆ ತೊಟ್ಟಿ ಇರುವ ಪೆಟ್ರೋಲ್ ಗಾಡಿ.

ಲಾರಿ ಎತ್ತನ್ನು ಜಟಕಾಕ್ಕೆ ಕಟ್ಟಿದಂತಾಯಿತಲ್ಲ ಅಂತೀರಾ? ಹಾಗೇ ಕಾಣುತ್ತದೆ. ಆದರೆ ಆ ಹುಚ್ಚಿಗೂ ಒಂದು ಲೆಕ್ಕವಿದೆ. ಅಂಗಡಿ ಗಲ್ಲಾದ ಮೇಲೆ ಕೂತವರಿಗೆ ಅದು ಬೇಗ ಅರ್ಥವಾಗುತ್ತದೆ.

ಗುಜರಿಯಲ್ಲಿ ಚಿನ್ನ

ಈ ಕತೆಯ ನಾಯಕ ಜನರಲ್ ಮೋಟಾರ್ಸ್ ಕಂಪನಿಯ 5.3 ಲೀಟರಿನ ವಿ-8 ಎಂಜಿನ್. ಕಂಪನಿಯ ದಾಖಲೆಯಲ್ಲಿ ಇದರ ಹೆಸರು ಎಲ್‌ಎಂ7. 1999ರ ಮಾದರಿಯಿಂದ ಶುರುವಾಗಿ 2007ರವರೆಗೆ ಷೆವರ್ಲೆ ಸಿಲ್ವೆರಾಡೋ ಪಿಕ್‌ಅಪ್, ಟಾಹೋ, ಸಬರ್ಬನ್ ಮುಂತಾದ ದೊಡ್ಡ ಗಾಡಿಗಳಲ್ಲಿ ಇದನ್ನು ಲಕ್ಷಗಟ್ಟಲೆ ಕೂಡಿಸಿದರು. ಶಕ್ತಿ ವರ್ಷಕ್ಕೆ ತಕ್ಕಂತೆ 270ರಿಂದ 295 ಅಶ್ವಶಕ್ತಿ.

ಇಷ್ಟೊಂದು ಗಾಡಿ ರಸ್ತೆಗೆ ಬಂದ ಮೇಲೆ ಇಷ್ಟೊಂದು ಗಾಡಿ ಗುಜರಿಗೂ ಹೋಗಲೇಬೇಕಲ್ಲ. ಕಾರಿನ ಮೈ ನುಜ್ಜಾಗಿರುತ್ತದೆ, ಎಂಜಿನ್ ಗಟ್ಟಿಯಾಗಿರುತ್ತದೆ. ಅಲ್ಲಿನ ಗುಜರಿ ಅಂಗಳಗಳಲ್ಲಿ ಎಷ್ಟೋ ಕಡೆ ಗಿರಾಕಿಯೇ ಸ್ಪ್ಯಾನರ್ ಹಿಡಿದು ಒಳಗೆ ಹೋಗಿ, ಬೇಕಾದ್ದನ್ನು ಬಿಚ್ಚಿಕೊಂಡು, ಗೇಟಿನಲ್ಲಿ ದುಡ್ಡು ಕಟ್ಟಿ ಬರುವ ಪದ್ಧತಿ. ಕೆಲವು ನೂರು ಡಾಲರಿಗೆ ಇಡೀ ಎಂಜಿನ್ ಸಿಕ್ಕ ಕಾಲ ಬಹಳ ವರ್ಷ ನಡೆಯಿತು. ಅದೇ ಶಕ್ತಿಯ ಹೊಸ ಎಂಜಿನ್ ಬೇಕೆಂದರೆ ಸಾವಿರಗಟ್ಟಲೆ ಎಣಿಸಬೇಕು.

ಅಗ್ಗ ಎಂಬುದೊಂದೇ ಇದರ ಗುಣವಲ್ಲ. 1997ರಲ್ಲಿ ಬಂದ ಕಾರ್ವೆಟ್ ಎಂಬ ಹೆಸರಾಂತ ಸ್ಪೋರ್ಟ್ಸ್ ಕಾರಿನ ಎಲ್‌ಎಸ್1 ಎಂಜಿನ್ ಮತ್ತು ಈ ಟ್ರಕ್ ಎಂಜಿನ್ ಒಂದೇ ತಾಯಿಯ ಮಕ್ಕಳು. ಕಾರ್ವೆಟ್ಟಿನದು ಅಲ್ಯೂಮಿನಿಯಂ ಬ್ಲಾಕು, ಟ್ರಕ್ಕಿನದು ಬೀಡು ಕಬ್ಬಿಣ. ಅದರಿಂದ ಸುಮಾರು 45 ಕಿಲೋ ಭಾರ ಹೆಚ್ಚು, ಅಷ್ಟೇ. ಬೋಲ್ಟ್ ತೂತುಗಳು ಅವೇ. ಅಣ್ಣನ ಅಂಗಿ ತಮ್ಮನಿಗೆ ಆಗುತ್ತದೆ. ಸ್ಪೋರ್ಟ್ಸ್ ಕಾರಿನ ಬಿಡಿಭಾಗ ತಂದು ಟ್ರಕ್ ಎಂಜಿನ್ನಿಗೆ ಬಿಗಿಯಬಹುದು.

ಇನ್ನೊಂದು ಗುಣ ಅದರ ಮೈಕಟ್ಟು. ವಾಲ್ವ್ ಎತ್ತುವ ಕ್ಯಾಮ್ ಶಾಫ್ಟ್ ಈ ಎಂಜಿನ್ನಿನ ತಲೆಯ ಮೇಲಿಲ್ಲ, ಬ್ಲಾಕಿನ ಹೊಟ್ಟೆಯೊಳಗೇ ಇದೆ. ಹಳೇ ಕಾಲದ ಪುಶ್ ರಾಡ್ ಪದ್ಧತಿ. ಹಾಗಾಗಿ ತಲೆ ಸಣ್ಣದು, ಅಗಲ ಕಡಿಮೆ. ಸಣ್ಣ ಕಾರಿನ ಬಾನೆಟ್ ಕೆಳಗೂ ತೂರಿಸಬಹುದು.

ಕೋಳಿ ಸಾಕಿದವನ ಕರಾಮತ್ತು

ಈ ಗೀಳು ಇಂದಿನದಲ್ಲ. ಟೆಕ್ಸಾಸಿನ ಕ್ಯಾರಲ್ ಶೆಲ್ಬಿ ಎಂಬಾತ ಕೋಳಿ ಫಾರಂ ಮಾಡಿ ಕೈಸುಟ್ಟುಕೊಂಡು ರೇಸಿಗೆ ಇಳಿದವನು. ಫಾರಂನಲ್ಲಿ ತೊಡುವ ಪಟ್ಟೆಪಟ್ಟೆ ಉಡುಪಿನಲ್ಲೇ ರೇಸ್ ಓಡಿಸಿ ಹೆಸರಾದ. 1959ರಲ್ಲಿ ಫ್ರಾನ್ಸಿನ ಲ ಮಾನ್ 24 ತಾಸಿನ ರೇಸ್ ಗೆದ್ದ ಜೋಡಿಯಲ್ಲಿ ಅವನೂ ಒಬ್ಬ. ಹೃದಯದ ಕಾಯಿಲೆ ಅಡ್ಡ ಬಂದು ರೇಸ್ ಬಿಡಬೇಕಾಯಿತು.

ಅದೇ ಹೊತ್ತಿಗೆ ಇಂಗ್ಲೆಂಡಿನ ಎ.ಸಿ. ಎಂಬ ಸಣ್ಣ ಕಂಪನಿಗೆ ಎಂಜಿನ್ ಕೊಡುತ್ತಿದ್ದ ಬ್ರಿಸ್ಟಲ್ ಕಂಪನಿ ಅದರ ತಯಾರಿಕೆ ನಿಲ್ಲಿಸಿತು. ಕಾರಿನ ಮೈ ಇದೆ, ಗುಂಡಿಗೆ ಇಲ್ಲ! ಶೆಲ್ಬಿ ಆ ಹಗುರ ಇಂಗ್ಲಿಷ್ ಮೈಗೆ ಅಮೆರಿಕದ ಫೋರ್ಡ್ ವಿ-8 ಕೂಡಿಸಿದ. 1962ರಲ್ಲಿ ಹಾಗೆ ಹುಟ್ಟಿದ್ದೇ ಕೋಬ್ರಾ. 1964ರಲ್ಲಿ ಇಂಗ್ಲೆಂಡಿನ ಸನ್‌ಬೀಮ್ ಕಂಪನಿಯೂ ಅದೇ ದಾರಿ ಹಿಡಿದು, ಫೋರ್ಡ್ ವಿ-8 ಹಾಕಿದ ಟೈಗರ್ ಕಾರನ್ನು ಮಾರುಕಟ್ಟೆಗೆ ಬಿಟ್ಟಿತು.

ವಿಧಿಯ ಆಟ ನೋಡಿ. ಕಾರಿನ ಗುಂಡಿಗೆ ಬದಲಿಸಿ ಹೆಸರು ಮಾಡಿದ ಶೆಲ್ಬಿಗೆ 1990ರಲ್ಲಿ ಹೃದಯವನ್ನೇ ಬದಲಿಸಿದರು. ಬದಲಿ ಗುಂಡಿಗೆಯಲ್ಲಿ ಇಪ್ಪತ್ತೆರಡು ವರ್ಷ ಬದುಕಿ 2012ರಲ್ಲಿ ತೀರಿಕೊಂಡ.

ಇಂಗ್ಲೆಂಡಿನ ಎಂ.ಜಿ.ಬಿ. ಕಾರಿನ ಕತೆ ನಮಗೆ ಇನ್ನೂ ಹತ್ತಿರ. ಅದರಲ್ಲಿದ್ದದ್ದು ನಮ್ಮ ಅಂಬಾಸಿಡರ್ ಎಂಜಿನ್ನಿನ ಅಣ್ಣ. ಎರಡೂ ಬಿ.ಎಂ.ಸಿ. ಕಂಪನಿಯ ಬಿ-ಸೀರೀಸ್ ವಂಶದವು. ಅಂಬಾಸಿಡರಿನದು 1489 ಸಿ.ಸಿ., ಅದರದ್ದು 1798 ಸಿ.ಸಿ. ಕೆನ್ ಕಾಸ್ಟೆಲ್ಲೊ ಎಂಬ ಕಾರು ತಯಾರಕ ಅದನ್ನು ತೆಗೆದು ರೋವರ್ ವಿ-8 ಕೂಡಿಸಿ ಮಾರತೊಡಗಿದ. ಅಲ್ಯೂಮಿನಿಯಂ ಎಂಜಿನ್ ಆದ್ದರಿಂದ ಸಿಲಿಂಡರ್ ನಾಲ್ಕು ಹೋಗಿ ಎಂಟಾದರೂ ಭಾರ ಹೆಚ್ಚಲಿಲ್ಲ. ಅವನನ್ನು ನೋಡಿ ಕಂಪನಿಯೇ 1973ರಿಂದ 1976ರವರೆಗೆ ಅಂಥ 2,591 ಕಾರು ಮಾಡಿತು. ಆ ರೋವರ್ ಎಂಜಿನ್ ಕೂಡ ಅಮೆರಿಕದ ಬ್ಯೂಕ್ ಕಾರಿನಿಂದ ಕೈಬಿಟ್ಟದ್ದು. 1965ರಲ್ಲಿ ರೋವರ್ ಅದರ ಹಕ್ಕು ಕೊಂಡಿತ್ತು. ಒಬ್ಬರ ಗುಜರಿ ಇನ್ನೊಬ್ಬರ ಬಂಡವಾಳ!

ಕೂಡಿಸೋದು ಹೇಗೆ?

ಈಗ ಗ್ಯಾರೇಜಿಗೆ ಬನ್ನಿ. ಬಾನೆಟ್ ಎತ್ತಿ ನಿಂತಿರುವುದು ಡಟ್ಸನ್ 240ಝಡ್ ಎಂದಿಟ್ಟುಕೊಳ್ಳಿ. 2014ರಲ್ಲಿ ‘ಗೋ’ ಎಂಬ ಸಣ್ಣ ಕಾರಿನೊಂದಿಗೆ ನಮ್ಮಲ್ಲಿಗೆ ಬಂದು 2022ರಲ್ಲಿ ಅಂಗಡಿ ಮುಚ್ಚಿತಲ್ಲ, ಅದೇ ಡಟ್ಸನ್. 1970ರಲ್ಲಿ ಅಮೆರಿಕದಲ್ಲಿ ಇದರ ಬೆಲೆ 3,526 ಡಾಲರ್. ಆರು ಸಿಲಿಂಡರ್, 2.4 ಲೀಟರ್. ಕಂಪನಿ ಹೇಳಿದ ಶಕ್ತಿ 151 ಅಶ್ವಶಕ್ತಿ, ಅದೂ ಅಂದಿನ ಧಾರಾಳ ಅಳತೆಯಲ್ಲಿ. ಕಾರಿನ ತೂಕ ಒಂದು ಟನ್ನಿನ ಆಸುಪಾಸು. ಎರಡು ಟನ್ನಿನ ಗಾಡಿ ಎಳೆಯುತ್ತಿದ್ದ ಎಂಜಿನ್ ಇದರೊಳಗೆ ಕೂತರೆ ಏನಾದೀತು, ನೀವೇ ಊಹಿಸಿ.

ಬಲ್ಲವರು ಗುಜರಿಯಲ್ಲೇ ಎಂಜಿನ್ ಪರೀಕ್ಷೆ ಮುಗಿಸುತ್ತಾರೆ. ಆಯಿಲ್ ಕಡ್ಡಿ ಎಳೆದಾಗ ಹಾಲು ಬೆರೆಸಿದ ಚಹಾದ ಬಣ್ಣ ಕಂಡರೆ ನೀರು ಸೇರಿದೆ ಎಂದರ್ಥ, ಮುಂದೆ ನಡೆ. ಆಯಿಲ್ ಮುಚ್ಚಳದ ಕೆಳಗೆ ಕಪ್ಪು ರಾಡಿ ಇದೆಯೇ? ಕ್ರ್ಯಾಂಕು ಕೈಯಲ್ಲಿ ತಿರುಗುತ್ತದೆಯೇ? 706 ಎಂಬ ಎರಕದ ಗುರುತಿರುವ ಕೆಲವು ಹೆಡ್‌ಗಳು ಬಿರುಕು ಬಿಡುವುದುಂಟು, ಅದನ್ನೂ ನೋಡಬೇಕು. ಬಹಳ ಮುಖ್ಯವಾದದ್ದು ವೈರಿಂಗ್. ಅದನ್ನು ಕತ್ತರಿಸದೆ, ಅದೇ ಗಾಡಿಯ ಕಂಪ್ಯೂಟರ್ ಪೆಟ್ಟಿಗೆ ಸಮೇತ ಬಿಚ್ಚಿಕೊಂಡು ಬರಬೇಕು.

ಹಳೇ ಎಂಜಿನ್ ಚೈನ್ ಪುಲ್ಲಿಯಲ್ಲಿ ಮೇಲೆದ್ದ ಮೇಲೆ ಹೊಸ ಸಂಬಂಧದ ತಕರಾರು ಶುರು. ಟ್ರಕ್ಕಿನ ಆಯಿಲ್ ಚೇಂಬರ್ ಆಳ, ಸ್ಪೋರ್ಟ್ಸ್ ಕಾರು ನೆಲಕ್ಕೆ ಹತ್ತಿರ. ಹಂಪ್ ಸಿಕ್ಕರೆ ಚೇಂಬರ್ ಒಡೆಯುತ್ತದೆ. ಆದ್ದರಿಂದ ಕ್ಯಾಮಾರೊ ಕಾರಿನ ಗಿಡ್ಡ ಚೇಂಬರ್ ತಂದು ಕಟ್ಟುತ್ತಾರೆ. ಟ್ರಕ್ಕಿನ ಗಾಳಿ ಕೊಳವೆ ಎತ್ತರ, ಬಾನೆಟ್ಟಿಗೆ ತಾಗಿದರೆ ಅದನ್ನೂ ಬದಲಿಸಬೇಕು. ಎಂಜಿನ್ ಫೌಂಡೇಶನ್ ಹೊಸದು ಮಾಡಿಸಬೇಕು. ಮುಂದೆ ಭಾರ ಬೀಳದಂತೆ ಎಂಜಿನ್ನನ್ನು ಆದಷ್ಟು ಹಿಂದಕ್ಕೆ, ಡ್ರೈವರ್ ಕಾಲಿನ ಗೋಡೆಗೆ ಒತ್ತಿ ಕೂಡಿಸುತ್ತಾರೆ.

ಎಲ್ಲ ಬಿಗಿದು ಸೆಲ್ಫ್ ಹೊಡೆದರೆ ಎಂಜಿನ್ ಉಸಿರೆಳೆದು ಸುಮ್ಮನಾಗುತ್ತದೆ! ಯಾಕೆ? ಕಂಪ್ಯೂಟರ್ ಪೆಟ್ಟಿಗೆ ಇನ್ನೂ ತನ್ನ ಹಳೇ ಟ್ರಕ್ಕಿನ ಬೀಗದ ಕೈಯನ್ನೇ ಹುಡುಕುತ್ತಿರುತ್ತದೆ. ಕಳ್ಳ ಬಂದನೆಂದು ಪೆಟ್ರೋಲ್ ನಿಲ್ಲಿಸಿಬಿಡುತ್ತದೆ. ತವರಿನ ನೆನಪು ಬಿಡಿಸಲು ಬಲ್ಲವರು ಕೂತು ಅದರ ಪ್ರೋಗ್ರಾಂ ತಿದ್ದಬೇಕು.

ಅಸಲು ಖರ್ಚು ಎಲ್ಲಿ?

ಇಲ್ಲಿವರೆಗಿನದು ಸಂಭ್ರಮ. ಎಡವುವುದು ಇಲ್ಲಿಂದ ಮುಂದೆ.

ಹಳೇ ಕಾರ್ಬೊರೇಟರ್ ಕಾರಿನ ಪೆಟ್ರೋಲ್ ಪಂಪಿನ ಒತ್ತಡ ಒಂದಂಕಿಯದು. ಹೊಸ ಎಂಜಿನ್ನಿಗೆ 58 ಪೌಂಡ್ ಒತ್ತಡ ಬೇಕು. ಅಂದರೆ ಪಂಪು, ಪೈಪು, ಟ್ಯಾಂಕಿನ ಒಳಗು ಎಲ್ಲ ಬದಲಾಗಬೇಕು. ಹಳೇ ರಬ್ಬರ್ ಪೈಪನ್ನೇ ಉಳಿಸಿದರೆ ಅದು ಸಿಡಿದು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮೀತು. ರೇಡಿಯೇಟರ್ ದೊಡ್ಡದು ಬೇಕು, ಫ್ಯಾನು ಬೇರೆ ಬೇಕು.

240ಝಡ್‌ನ ಹಿಂದಿನ ಆಕ್ಸಲ್ ಕ್ರೌನ್ 180 ಮಿಲಿಮೀಟರಿನದು. ವಿ-8 ಹೊಡೆತಕ್ಕೆ ಅದು ತಾಳದೆಂದು ಅದೇ ಮನೆಯ ಮುಂದಿನ ಕಾರು 280ಝಡ್‌ನ 200 ಮಿಲಿಮೀಟರಿನದನ್ನು ತಂದು ಹಾಕುತ್ತಾರೆ. ಜಪಾನಿನ ಆ ಹಳೇ ತಗಡಿಗೆ ತುಕ್ಕು ಹತ್ತಿರ. ತುಕ್ಕು ತಿಂದ ಅಡಿಪಟ್ಟಿಯ ಮೇಲೆ ದುಪ್ಪಟ್ಟು ಬಲ ಬಿಟ್ಟರೆ ಮೈಯೇ ತಿರುಚೀತು. ತಗಡು ಕೊಯ್ದು ಹೊಸ ಪಟ್ಟಿ ಬೆಸುಗೆ ಹಾಕಬೇಕು.

ಬ್ರೇಕಿನ ಮಾತೇ ಬೇರೆ. ಅದರ ಹಿಂದಿನ ಚಕ್ರಕ್ಕೆ ಡ್ರಮ್ಮು. ಮುಂದಿನ ಡಿಸ್ಕ್ ಬ್ರೇಕು 151 ಅಶ್ವಶಕ್ತಿಯ ಕಾಲದ್ದು. ಹಾಗಾಗಿ ಟೊಯೋಟಾ ಪಿಕ್‌ಅಪ್ಪಿನ ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್ ಹುಡುಕಿ ತಂದು ಕೂಡಿಸುವ ವಾಡಿಕೆ ಬಹಳ ಹಿಂದಿನಿಂದ ಇದೆ. ಓಡಿಸಲು ಒಂದು ಟ್ರಕ್ಕು, ನಿಲ್ಲಿಸಲು ಇನ್ನೊಂದು ಟ್ರಕ್ಕು!

ಲೆಕ್ಕ ಕೂಡಿಸಿದರೆ ಎಂಜಿನ್ನಿಗೆ ಕೊಟ್ಟ ದುಡ್ಡಿನ ಎಷ್ಟೋ ಪಟ್ಟು ಉಳಿದ ಸಾಮಾನಿಗೆ ಹೋಗಿರುತ್ತದೆ. ಇದು ತಿಳಿಯದೆ ಶುರು ಮಾಡಿದವರ ಕಾರು ವರ್ಷಗಟ್ಟಲೆ ಇಟ್ಟಿಗೆ ಮೇಲೆ ನಿಂತು, ಕಡೆಗೆ ‘ಅರ್ಧ ಆಗಿದೆ, ಬಂದಷ್ಟಕ್ಕೆ ಕೊಡುತ್ತೇವೆ’ ಎಂಬ ಜಾಹೀರಾತಿನಲ್ಲಿ ಹೋಗುತ್ತದೆ.

ಇನ್ನೊಂದು ನಷ್ಟ ಕಣ್ಣಿಗೆ ಕಾಣದ್ದು. 2020ರ ಜನವರಿಯಲ್ಲಿ, ಹುಟ್ಟಿದಂತೆಯೇ ಉಳಿದಿದ್ದ 1971ರ ಒಂದು 240ಝಡ್ ಹರಾಜಿನಲ್ಲಿ 3 ಲಕ್ಷ 10 ಸಾವಿರ ಡಾಲರಿಗೆ ಹೋಯಿತು. ಅಸಲು ಮಾಲಿಗೆ ಆ ಬೆಲೆ. ಒಮ್ಮೆ ತಗಡು ಕೊಯ್ದರೆ ಆ ಬಾಗಿಲು ಮುಚ್ಚಿದಂತೆ. “ಎಂಜಿನ್ ಸತ್ತು ತಿಪ್ಪೆಯಲ್ಲಿ ಕೊಳೆಯುವ ಕಾರು ಬೇರೆ ಎಂಜಿನ್ನಿನಲ್ಲಾದರೂ ಓಡಲಿ” ಎಂಬುದು ಒಂದು ಪಕ್ಷ. “ಓಡುವ ಅಸಲಿಯನ್ನು ಕೆಡಿಸಬೇಡಿ” ಎಂಬುದು ಇನ್ನೊಂದು ಪಕ್ಷ. ಇಬ್ಬರ ಮಾತಿನಲ್ಲೂ ಹುರುಳಿದೆ. ಕೈಯಲ್ಲಿರುವ ಕಾರು ಯಾವ ಜಾತಿಯದು ಎಂಬುದನ್ನು ಗರಗಸ ಹಿಡಿಯುವ ಮೊದಲು ಕೇಳಿಕೊಳ್ಳಬೇಕು.

ನಮ್ಮಲ್ಲಿ ನಡೆದೀತೆ?

ಕಂಪನಿಗಳು ಮಾಡಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. 1984ರಲ್ಲಿ ಬಂದ ಕಾಂಟೆಸ್ಸಾ ಕಾರಿಗೆ ಇಂಗ್ಲೆಂಡಿನ ವಾಕ್ಸ್‌ಹಾಲ್ ಮೈ, ನಮ್ಮ ಅಂಬಾಸಿಡರಿನ 1489 ಸಿ.ಸಿ. ಎಂಜಿನ್. ಆನೆ ಮೈಗೆ ಆಡಿನ ಗುಂಡಿಗೆ! ಏರಿನಲ್ಲಿ ಅದರ ಪಾಡು ಓಡಿಸಿದವರಿಗೇ ಗೊತ್ತು. ಮುಂದೆ ಜಪಾನಿನ ಇಸುಜು 1.8 ಲೀಟರ್ ಎಂಜಿನ್ ಕೂಡಿಸಿದ ಮೇಲೆ ಅದೇ ಕಾರು ಸಾಹುಕಾರರ ಮನೆ ಮುಂದೆ ಮೆರೆಯಿತು. 1985ರ ಪ್ರೀಮಿಯರ್ 118 ಎನ್.ಇ. ಕೂಡ ಫಿಯಟ್ ಮೈಗೆ ನಿಸ್ಸಾನ್ ಎಂಜಿನ್ ಹಾಕಿದ್ದೇ.

ಆದರೆ ಕಂಪನಿ ಮಾಡುವುದು ಬೇರೆ, ಮೇಸ್ತ್ರಿ ಮಾಡುವುದು ಬೇರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಕಾರುಗಳಿಗೆ ಹೊಗೆ ಪರೀಕ್ಷೆಯಿಲ್ಲ. ನಂತರದ ಕಾರಿಗೆ ಬೇರೆ ಎಂಜಿನ್ ಹಾಕಿದರೆ ಅದು ಕಾರಿನಷ್ಟೇ ಹೊಸದೋ ಅದಕ್ಕಿಂತ ಹೊಸದೋ ಇರಬೇಕು, ಹೊಗೆ ತಡೆಯುವ ಭಾಗಗಳೆಲ್ಲ ಜೊತೆಗೆ ಬರಬೇಕು, ಸರ್ಕಾರ ನೇಮಿಸಿದ ಪರೀಕ್ಷಕರು ನೋಡಿ ಒಪ್ಪಬೇಕು.

ನಮ್ಮಲ್ಲಿ ಕಾಯಿದೆ ಇನ್ನೂ ಬಿಗಿ. 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ, ಆರ್.ಸಿ. ಪುಸ್ತಕದಲ್ಲಿರುವ ವಿವರ ಕಂಪನಿ ಮಾಡಿದ ಮೂಲ ರೂಪಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ತಪ್ಪಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಅನುಮೋದಿತ ಕಿಟ್ಟಿನಿಂದ ಗ್ಯಾಸಿಗೋ ಬ್ಯಾಟರಿಗೋ ಬದಲಿಸಲು ದಾರಿ ಇದೆ. ಅದಕ್ಕೂ ಆರ್.ಟಿ.ಓ. ಕಚೇರಿಯ ಮೆಟ್ಟಿಲು ಹತ್ತಲೇಬೇಕು. “ಯಾರ್ ನೋಡ್ತಾರೆ ಬಿಡಿ ಸಾರ್” ಎಂಬ ಮಾತು ಗ್ಯಾರೇಜಿನೊಳಗೆ ಚೆನ್ನ. ಅಪಘಾತವಾಗಿ ವಿಮೆಯವರು ಎಂಜಿನ್ ನಂಬರ್ ಕೇಳಿದ ದಿನ ಆ ಮೇಸ್ತ್ರಿ ಪಕ್ಕದಲ್ಲಿ ನಿಂತಿರುವುದಿಲ್ಲ.

ಸಂತೆಯಲ್ಲಿ ಎತ್ತು ಅಗ್ಗಕ್ಕೆ ಸಿಕ್ಕಿತೆಂದು ಹೊಡೆದುಕೊಂಡು ಬಂದವನು, ಅದರ ಹೆಗಲಿಗೆ ಹೊಸ ನೊಗ, ಅದರ ಓಟಕ್ಕೆ ಹೊಸ ಗಾಡಿ ಮಾಡಿಸಬೇಕಾಗುತ್ತದೆ. ಮಾಡಿಸುವ ಶಕ್ತಿ ಇದ್ದರೆ ಅದೊಂದು ಚೆಂದದ ಜೋಡಿ. ಇಲ್ಲದಿದ್ದರೆ ಹಳ್ಳಕ್ಕೆ ದಾರಿ. ಏರಿನಲ್ಲಿ ಬಸ್ಸು ನಿಂತಾಗ “ಬೇರೆ ಎಂಜಿನ್ ಕೂಡಿಸ್ರೀ” ಎನ್ನುವವರು ಮುಂದಿನ ಸಲ ಇನ್ನೊಂದು ಮಾತು ಸೇರಿಸಲಿ: “ಮೊದಲು ಬ್ರೇಕ್ ನೋಡ್ರೀ!”