ಶುಗರ್ ಇದ್ದವರ ಉಪವಾಸ: ನರ್ಸ್ ಬಳಿ ಮುಚ್ಚಿಡಬೇಡಿ

ರಮಝಾನ್‌ನಲ್ಲಿ ಸಕ್ಕರೆ ಕಾಯಿಲೆಯ ಎಷ್ಟೋ ಹಿರಿಯರು ಡಾಕ್ಟರನ್ನು ಕೇಳದೆಯೇ ಹಗಲಿನ ಮಾತ್ರೆ ಬಿಟ್ಟುಬಿಡುತ್ತಾರೆ. ಇಲ್ಲವೇ ಎರಡು ಹೊತ್ತಿನದ್ದನ್ನು ಇಫ್ತಾರ್ ನಂತರ ಒಟ್ಟಿಗೆ ನುಂಗುತ್ತಾರೆ. ಎರಡೂ ಅಪಾಯ. ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದರೆ ಉಪವಾಸ ಮುರಿಯುತ್ತದೆಂಬ ನಂಬಿಕೆಯೂ ಹಲವರಲ್ಲಿದೆ. ಹೆಚ್ಚಿನ ವಿದ್ವಾಂಸರ ಪ್ರಕಾರ ಮುರಿಯುವುದಿಲ್ಲ. ಆದರೆ ಈ ಹೆದರಿಕೆಯಿಂದ ಪರೀಕ್ಷೆಯೇ ನಡೆಯುವುದಿಲ್ಲ. ನಡುಕ, ಬೆವರು, ಮಾತಿನಲ್ಲಿ ಗಲಿಬಿಲಿ ಕಂಡರೂ ಹಸಿವಿನ ಆಯಾಸವೆಂದು ಮಲಗಿಸಿಬಿಡುತ್ತಾರೆ. ಶುಗರ್ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಮಗ್ರಿಬ್‌ಗೆ ಕಾಯದೆ ಉಪವಾಸ ಬಿಡಬೇಕು. ರೋಗಿಗೆ ಈ ರಿಯಾಯಿತಿಯನ್ನು ಕುರ್‌ಆನೇ (2:184-185) ಕೊಟ್ಟಿದೆ.

ಅನುಭವಿ ನರ್ಸ್ “ಉಪವಾಸ ಇದೆಯಾ?” ಎಂದಷ್ಟೇ ಕೇಳಿ ಬಿಡುವುದಿಲ್ಲ. ಸಹರಿಗೆ ಏನು ತಿನ್ನುತ್ತೀರಿ, ಮಾತ್ರೆ ಯಾವಾಗ, ಇನ್ಸುಲಿನ್ ಕೊಡುವವರು ಯಾರು ಎಂದು ಕೆದಕುತ್ತಾರೆ. “ಉಪವಾಸ ಬೇಡವೇ ಬೇಡ” ಎಂದು ಗದರಿದರೆ ಅಜ್ಜಿ ತಲೆಯಾಡಿಸಿ ಬಂದು, ಮರುದಿನ ಸಹರಿಗೆ ಎಲ್ಲರಿಗಿಂತ ಮೊದಲು ಏಳುತ್ತಾರೆ!

ರಮಝಾನ್‌ಗೆ ಆರೆಂಟು ವಾರ ಇರುವಾಗಲೇ ಔಷಧದ ಚೀಟಿ ಹಿಡಿದು ಆಸ್ಪತ್ರೆಗೆ ಹೋಗಿ, ಉಪವಾಸದ ಇಚ್ಛೆಯನ್ನು ಬಾಯಿಬಿಟ್ಟು ಹೇಳಿ. ಕೆಲವರಿಗೆ ಮಾತ್ರೆಯ ಪ್ರಮಾಣ, ಹೊತ್ತು ಬದಲಿಸಿದರೆ ಸಾಕಾಗಬಹುದು. ಕಿಡ್ನಿ ತೀರಾ ಸೋತವರಿಗೆ, ಪದೇ ಪದೇ ಶುಗರ್ ಇಳಿಯುವವರಿಗೆ ಉಪವಾಸ ಸಲ್ಲದು. ಗುಣವಾಗುವ ಭರವಸೆಯಿಲ್ಲದವರಿಗೆ ಫಿದ್ಯಾ ಇದೆ.